ಓದುಗರ ಪ್ರಶ್ನೆ: ನಮ್ಮವರೇ ಕಳಿಸಿದ ಸುಳ್ಳಿಗೆ ಏನು ಹೇಳುವುದು?

ಸುಳ್ಳು ಸುದ್ದಿ ಮತ್ತು ಅಪಪ್ರಚಾರದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವು, ಅವುಗಳಲ್ಲಿಯೂ ಹೆಚ್ಚಿನವು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಹಲವರು ಮನೆಯೊಳಗಿನ ಮಾತನ್ನು ಬರೆದಿರುವುದರಿಂದ ಹೆಸರನ್ನು ಬಿಟ್ಟು ಬಡಾವಣೆಯನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ದೊಡ್ಡಣ್ಣನಿಗೆ 74 ವರ್ಷ, ಮೇಷ್ಟ್ರಾಗಿ ನಿವೃತ್ತರಾದವರು. ಕಳೆದ ತಿಂಗಳು ಕುಟುಂಬದ ಗುಂಪಿಗೆ ಮಕ್ಕಳ ಕಳ್ಳರ ವಿಡಿಯೊ ಹಾಕಿ, ‘ನಮ್ಮ ಕಡೆಗೂ ಬಂದಿದ್ದಾರಂತೆ, ಮೊಮ್ಮಕ್ಕಳನ್ನು ಹೊರಗೆ ಬಿಡಬೇಡಿ’ ಎಂದು ಬರೆದರು. ನಾನು ಅಲ್ಲೇ ‘ಇದು ಹಳೆಯ ಸುಳ್ಳು’ ಎಂದೆ. ಅಣ್ಣ ಗುಂಪನ್ನೇ ಬಿಟ್ಟರು, ಹಬ್ಬಕ್ಕೂ ಮನೆಗೆ ಬರಲಿಲ್ಲ. ನಾನು ಮಾಡಿದ್ದು ತಪ್ಪೇ?
– ಮಲ್ಲೇಶ್ವರದ ಓದುಗರು

ಉತ್ತರ: ನೀವು ಹೇಳಿದ ಮಾತು ತಪ್ಪಲ್ಲ, ಹೇಳಿದ ಜಾಗ ತಪ್ಪಾಯಿತು ಎಂದು ನನಗೆ ಅನ್ನಿಸುತ್ತದೆ. ಆದರೆ ಆ ಮಾತನ್ನು ಯಾರಾದರೂ ಹೇಳಲೇಬೇಕಾಗಿತ್ತು, ಏಕೆಂದರೆ ಈ ಊರು ಅಂಥದೇ ಒಂದು ವಿಡಿಯೊಗೆ ಜೀವ ತೆತ್ತಿದೆ.

2018ರ ಬೇಸಿಗೆಯಲ್ಲಿ ಕರ್ನಾಟಕದ ಮೊಬೈಲುಗಳಲ್ಲಿ ಆ ವಿಡಿಯೊ ಓಡಾಡಿತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಬೈಕಿನಲ್ಲಿ ಇಬ್ಬರು ಬರುತ್ತಾರೆ, ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ವಾಸ್ತವದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಜನಜಾಗೃತಿಗೆಂದು ಮಾಡಿಸಿದ ಚಿತ್ರ. ಮೂಲದಲ್ಲಿ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸುತ್ತಾರೆ ಮತ್ತು ಮಗುವನ್ನು ಅಪಹರಿಸಲು ಕ್ಷಣ ಮಾತ್ರ ಸಾಕೆಂದು ಎಚ್ಚರಿಸುವ ಫಲಕವೊಂದನ್ನು ಹಿಡಿದು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಹೊಸ ದೃಶ್ಯವೊಂದನ್ನೂ ಸೇರಿಸಲಿಲ್ಲ. ಕತ್ತರಿಸಿದ್ದಷ್ಟರಿಂದಲೇ, ಮಕ್ಕಳನ್ನು ಕಾಯಲೆಂದು ಮಾಡಿದ ಚಿತ್ರ ಅಪರಿಚಿತರನ್ನು ಹಿಡಿದು ಹೊಡೆಯುವುದಕ್ಕೆ ನೆಪವಾಯಿತು. ಆ ವರ್ಷ ಮೇ 23ರಂದು, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಚಾಮರಾಜಪೇಟೆಯಲ್ಲಿ ಜನ ಮಕ್ಕಳ ಕಳ್ಳನೆಂದು ಹಿಡಿದು, ಕಟ್ಟಿ ಎಳೆದಾಡಿ ಹೊಡೆದರು, ಅವನು ಉಳಿಯಲಿಲ್ಲ. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಬದಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಯಿತು. ಅವರು ಹೆದರಿ ಕಾರಿನಲ್ಲಿ ಹೊರಟರು, ಆದರೆ ಸಂದೇಶ ಅವರಿಗಿಂತ ಮುಂಚೆ ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ದಾರಿಗೆ ಅಡ್ಡ ಹಾಕಿ ನಿಂತಿದ್ದ ಜನರ ಕೈಯಲ್ಲಿ ಒಬ್ಬರು ಸತ್ತರು.

ಹೊಡೆದವರಲ್ಲಿ ಎಷ್ಟೋ ಜನ ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆಂದೇ ನಂಬಿದ್ದರು. ನಿಮ್ಮ ಅಣ್ಣನವರು ಆ ವಿಡಿಯೊ ಹಾಕಿದ್ದೂ ಮೊಮ್ಮಕ್ಕಳ ಮೇಲಿನ ಪ್ರೀತಿಯಿಂದಲೇ. ಈ ಬಗೆಯ ಸುಳ್ಳು ಅಪರಿಚಿತರ ಕೈಯಿಂದ ಬಂದರೆ ನಾವು ಬಾಗಿಲು ತೆರೆಯುವುದಿಲ್ಲ. ಅಣ್ಣ, ಚಿಕ್ಕಮ್ಮ, ಪಕ್ಕದ ಮನೆಯವರು ತಂದುಕೊಟ್ಟಾಗ ಒಳಗೆ ಕರೆದು ಕೂರಿಸುತ್ತೇವೆ. ಆದ್ದರಿಂದ ಅದನ್ನು ಹೊರಗೆ ಹಾಕುವಾಗ ತಂದವರನ್ನೂ ಹೊರಗೆ ಹಾಕಿದಂತೆ ಆಗಬಾರದು. ಮೂವತ್ತು ಜನರ ಎದುರಿಗೆ, ಅದರಲ್ಲೂ ಅಳಿಯಂದಿರು ಸೊಸೆಯಂದಿರು ನೋಡುತ್ತಿರುವಾಗ, ಜೀವಮಾನವಿಡೀ ಇನ್ನೊಬ್ಬರ ತಪ್ಪನ್ನು ತಿದ್ದಿದ ಮೇಷ್ಟ್ರಿಗೆ ‘ಇದು ಸುಳ್ಳು’ ಎಂದರೆ ಅವರಿಗೆ ಕೇಳಿಸುವುದು ‘ನೀನು ಸುಳ್ಳುಗಾರ’ ಎಂದೇ.

ಈಗ ನೀವು ಮಾಡಬಹುದಾದದ್ದು ಇಷ್ಟು. ಅಣ್ಣನವರ ಮನೆಗೆ ಹೋಗಿ. ವಿಡಿಯೊದ ಮಾತನ್ನು ಮೊದಲು ಎತ್ತಬೇಡಿ. ಮೊಮ್ಮಕ್ಕಳ ಸುರಕ್ಷತೆಯ ಬಗ್ಗೆ ಅವರಿಗಿರುವ ಆತಂಕ ನಿಮಗೂ ಇದೆ ಎಂಬುದು ಅವರಿಗೆ ತಿಳಿಯಲಿ. ಆಮೇಲೆ ‘ನಾಳೆ ಬಾ’ ಎಂದು ಮನೆಮನೆಯ ಬಾಗಿಲ ಮೇಲೆ ಬರೆಯುತ್ತಿದ್ದ ಕಾಲವನ್ನು ನೆನಪಿಸಿ. ರಾತ್ರಿ ದೆವ್ವವೊಂದು ಬಂದು ಮನೆಯವರ ಧ್ವನಿಯಲ್ಲಿಯೇ ಕೂಗುತ್ತದೆ, ಓಗೊಟ್ಟವರು ಸಾಯುತ್ತಾರೆ ಎಂಬ ಸುದ್ದಿ, ಮೊಬೈಲು ಇಲ್ಲದ ಆ ದಿನಗಳಲ್ಲಿ ಬರಿಯ ಬಾಯಿಂದ ಬಾಯಿಗೆ ಹರಡಿ, ಊರೂರುಗಳಲ್ಲಿ ಸೀಮೆಸುಣ್ಣದ ಬರಹವಾಗಿ ಉಳಿಯಿತು. ಅದನ್ನು ಹೇಳಿಕೊಂಡು ನಗುವಾಗ ಯಾರಿಗೂ ಅವಮಾನವಾಗುವುದಿಲ್ಲ, ಏಕೆಂದರೆ ಆಗ ಎಲ್ಲರೂ ಬರೆದವರೇ. ಅಲ್ಲಿಂದ ಈ ವಿಡಿಯೊಗೆ ಬನ್ನಿ. ಕರಾಚಿಯ ಕಥೆ ಹೇಳಿ. ‘ಇದನ್ನು ಯಾರು ಕಳಿಸಿದರಣ್ಣಾ, ಅವರಿಗೆ ಎಲ್ಲಿಂದ ಬಂತು?’ ಎಂದು ಕೇಳಿ. ನಿಜವಾಗಿ ಅನುಮಾನ ಬಂದಾಗ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಬಹುದೆಂದು ಹೇಳಿ. ಗುಂಪಿಗೆ ತಿದ್ದುಪಡಿ ಹಾಕುವುದಾದರೆ ಅದನ್ನು ಅವರೇ ಹಾಕಲಿ. ಮೇಷ್ಟ್ರು ಹಾಕಿದ ತಿದ್ದುಪಡಿಗೆ ನಿಮ್ಮ ಮಾತಿಗಿಂತ ಹೆಚ್ಚು ತೂಕವಿರುತ್ತದೆ.

ಪ್ರಶ್ನೆ: ಪ್ರಚಾರ, ಅಪಪ್ರಚಾರ, ವದಂತಿ, ಸುಳ್ಳು ಸುದ್ದಿ, ಇವೆಲ್ಲ ಒಂದೆಯೇ? ಎಲ್ಲವನ್ನೂ ಒಂದೇ ಪದದಲ್ಲಿ ಕರೆಯುವುದರಿಂದ ಗೊಂದಲವಾಗುತ್ತಿದೆ.
– ರಾಜಾಜಿನಗರದ ಪದವಿ ವಿದ್ಯಾರ್ಥಿನಿ

ಉತ್ತರ: ಒಂದೇ ಅಲ್ಲ, ಮತ್ತು ಕನ್ನಡ ಈ ವಿಷಯದಲ್ಲಿ ನಮಗೆ ಚೆನ್ನಾಗಿಯೇ ಒದಗಿಬರುತ್ತದೆ. ಪ್ರಚಾರ ಎಂಬ ಪದದಲ್ಲಿ ಕೆಡುಕೇನೂ ಇಲ್ಲ. ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಿ ಎಂದು ಆಟೊದಲ್ಲಿ ಮೈಕು ಕಟ್ಟಿ ಕೂಗಿದ್ದೂ ಪ್ರಚಾರವೇ. ಇಂಗ್ಲಿಷಿನ ‘ಪ್ರೊಪಗಾಂಡ’ ಪದವೂ ಹುಟ್ಟಿದ್ದು ಅಷ್ಟೇ ಮುಗ್ಧವಾಗಿ. 1622ರಲ್ಲಿ ಪೋಪ್ 15ನೆಯ ಗ್ರೆಗರಿ ಧರ್ಮಪ್ರಸಾರಕ್ಕೆಂದು ಸ್ಥಾಪಿಸಿದ ಮಂಡಲಿಯ ಲ್ಯಾಟಿನ್ ಹೆಸರಿನಿಂದ ಅದು ಬಂದಿದೆ. ವದಂತಿ ಅಥವಾ ಗಾಳಿಮಾತಿಗೆ ಯಜಮಾನನಿರುವುದಿಲ್ಲ, ಹೇಳುವವರು ಅದನ್ನು ನಂಬಿಯೇ ಹೇಳುತ್ತಾರೆ. ಅಪಪ್ರಚಾರಕ್ಕೆ ಯಜಮಾನನಿರುತ್ತಾನೆ ಮತ್ತು ಅದು ಸುಳ್ಳೆಂಬುದು ಅವನಿಗೆ ಗೊತ್ತಿರುತ್ತದೆ. ತೊಡಕಾಗುವುದು ಇಲ್ಲಿ: ಒಬ್ಬ ತಿಳಿದೇ ಹೆಣೆದ ಅಪಪ್ರಚಾರವು ಹತ್ತು ಕೈ ದಾಟುವಷ್ಟರಲ್ಲಿ ನಂಬಿದವರು ಹೇಳುವ ವದಂತಿಯಾಗಿರುತ್ತದೆ. ಹೀಗಾಗಿ ಕಳಿಸಿದವರ ಮುಖ ನೋಡಿ ಅದರ ಜಾತಕವನ್ನು ಹೇಳಲು ಆಗುವುದಿಲ್ಲ.

1937ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಪ್ರಚಾರದ ವಿಶ್ಲೇಷಣೆಗೆಂದೇ ಒಂದು ಸಂಸ್ಥೆ ಹುಟ್ಟಿತು. ಅದು ಪ್ರಚಾರದ ಏಳು ತಂತ್ರಗಳನ್ನು ಹೆಸರಿಸಿತು. ರೇಡಿಯೊ ಕಾಲದ ಪಟ್ಟಿಯಾದರೂ ಇಂದಿನ ನಿಮ್ಮ ಮೊಬೈಲಿಗೆ ಹೊಂದುತ್ತದೆ. ಎದುರಾಳಿಗೆ ಒಂದು ಅಡ್ಡಹೆಸರು ಅಂಟಿಸಿ ವಾದವನ್ನೇ ಮುಗಿಸಿಬಿಡುವುದು ಒಂದು. ‘ಎಲ್ಲರೂ ಹೊರಟಾಯಿತು, ನೀವೊಬ್ಬರೇ ಬಾಕಿ’ ಎನ್ನುವುದು ಇನ್ನೊಂದು. ಬೇಕಾದ ಸಂಗತಿಗಳನ್ನಷ್ಟೇ ಮುಂದಿಟ್ಟು ಉಳಿದವನ್ನು ಮುಚ್ಚಿಡುವುದು ಮತ್ತೊಂದು. ಇದರಲ್ಲಿ ಒಂದು ವಾಕ್ಯವೂ ಸುಳ್ಳಿರಬೇಕಾಗಿಲ್ಲ. ನಾವೆಲ್ಲ ಗೌರವಿಸುವ ಒಂದು ಸಂಸ್ಥೆಯ ಹೆಸರನ್ನು ತಂದು ಮಾತಿಗೆ ಮುದ್ರೆ ಒತ್ತಿಸುವುದು ಹೆಚ್ಚು ಬಳಕೆಯಲ್ಲಿರುವ ತಂತ್ರ. ಯುನೆಸ್ಕೊ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲಿಯೇ ಶ್ರೇಷ್ಠವೆಂದು ಘೋಷಿಸಿದೆ ಎಂಬ ಸಂದೇಶ ನಿಮಗೂ ಬಂದಿರಬಹುದು. ಯುನೆಸ್ಕೊ ಅಂಥ ಘೋಷಣೆಯನ್ನು ಮಾಡಿಯೇ ಇಲ್ಲ. ಕೇಳಲು ಹಿತವಾದ ಸುಳ್ಳನ್ನು ಪರೀಕ್ಷಿಸುವುದು, ಹೆದರಿಸುವ ಸುಳ್ಳನ್ನು ಪರೀಕ್ಷಿಸುವುದಕ್ಕಿಂತ ಕಷ್ಟ. ಅದನ್ನು ಪ್ರಶ್ನಿಸಿದವರ ಮೇಲೆ ದೇಶಪ್ರೇಮವಿಲ್ಲವೆಂಬ ಆರೋಪ ಬೀಳುತ್ತದೆ.

ಪ್ರಶ್ನೆ: ಸುಳ್ಳು ಬೇಗ ಹರಡುತ್ತದೆ ಎನ್ನುತ್ತಾರೆ. ಇದಕ್ಕೆ ಆಧಾರವಿದೆಯೇ, ಅಥವಾ ಇದೂ ಬಾಯಿಮಾತೇ?
– ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಎಂಜಿನಿಯರ್

ಉತ್ತರ: ಆಧಾರವಿದೆ. ಅಮೆರಿಕದ ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಅಧ್ಯಯನ ಮಾಡಿ, 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸುಳ್ಳು ಸುದ್ದಿಯನ್ನು ಜನ ಮರುಹಂಚಿಕೆ ಮಾಡುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚಿತ್ತು, ಮತ್ತು 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಹಿಡಿಯಿತು. ತಾವಾಗಿಯೇ ಸಂದೇಶ ಹಂಚುವ ಬಾಟ್‌ಗಳನ್ನು ಲೆಕ್ಕದಿಂದ ತೆಗೆದರೂ ಈ ವ್ಯತ್ಯಾಸ ಉಳಿಯಿತು, ಅಂದರೆ ಹರಡಿದವರು ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಹೆಚ್ಚಿರುತ್ತದೆ, ಅದು ಅಚ್ಚರಿಯನ್ನೂ ಜುಗುಪ್ಸೆಯನ್ನೂ ಎಬ್ಬಿಸುತ್ತದೆ ಎಂದು ಅವರು ಕಂಡುಕೊಂಡರು.

ನಿಮ್ಮ ವೃತ್ತಿಯವರು ಇದರ ಇನ್ನೊಂದು ಮಗ್ಗುಲನ್ನು ಬೇಗ ಹಿಡಿಯುತ್ತೀರಿ. ಯಾವ ಪೋಸ್ಟ್ ಮೇಲೆ ಬರಬೇಕೆಂದು ನಿರ್ಧರಿಸುವ ಲೆಕ್ಕಾಚಾರವನ್ನು ಬರೆಯುವವರು ಎಂಜಿನಿಯರುಗಳು. 2017ರಿಂದ ಕೆಲವು ಕಾಲ ಫೇಸ್‌ಬುಕ್, ಸಿಟ್ಟಿನ ಮುಖವೂ ಸೇರಿದಂತೆ ಭಾವಚಿಹ್ನೆಗಳಿಗೆ ಬರಿಯ ಲೈಕಿಗಿಂತ ಐದು ಪಟ್ಟು ತೂಕ ಕೊಟ್ಟಿತ್ತೆಂಬುದು ಆ ಕಂಪನಿಯ ಒಳಗಿನ ದಾಖಲೆಗಳು 2021ರಲ್ಲಿ ಹೊರಬಿದ್ದಾಗ ತಿಳಿಯಿತು. ಸಿಟ್ಟಿಗೆ ಐದು ಅಂಕ ಸಿಗುವ ಕಡೆ ಸಿಟ್ಟು ಬರಿಸುವ ಮಾತೇ ಬೆಳೆಯುತ್ತದೆ. ಇದಕ್ಕೆ ಓದುಗನ ದಡ್ಡತನವನ್ನು ಮಾತ್ರ ದೂರುವುದು ನ್ಯಾಯವಲ್ಲ.

ಪ್ರಶ್ನೆ: ಫೋಟೊ ನಿಜವೋ ಸುಳ್ಳೋ ಎಂದು ನಮ್ಮಂಥವರು ನೋಡಿ ತಿಳಿಯಬಹುದೇ? ನನಗೆ ಕಂಪ್ಯೂಟರ್ ಬರುವುದಿಲ್ಲ, ಸ್ಮಾರ್ಟ್‌ಫೋನ್ ಇದೆ.
– ಯಲಹಂಕದ ಗೃಹಿಣಿ

ಉತ್ತರ: ಖಂಡಿತ ತಿಳಿಯಬಹುದು. ನಾನು ಒಂದು ಸಂಜೆ ಮಾಡಿದ್ದನ್ನೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಜೋರು ಮಳೆ ಬಂದ ದಿನ ನಮ್ಮ ಬಡಾವಣೆಯ ಗುಂಪಿಗೆ ಒಂದು ಫೋಟೊ ಬಂತು: ಸೊಂಟದವರೆಗೆ ನೀರು, ಮುಳುಗಿದ ಆಟೊ, ಕೆಳಗೆ ‘ಈಗಷ್ಟೇ, ಸಿಲ್ಕ್ ಬೋರ್ಡ್’ ಎಂಬ ಬರಹ. ಫೋಟೊವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ಮೂಲೆಗಳನ್ನು ನೋಡಿದೆ. ಹಂಚುವವರ ಕಣ್ಣು ನಡುವಿನ ನೀರಿನ ಮೇಲೆಯೇ ಇರುತ್ತದೆ, ಊರಿನ ಗುರುತು ಮಾತ್ರ ಮೂಲೆಯಲ್ಲಿ ಉಳಿದುಕೊಂಡಿರುತ್ತದೆ. ಎಡಗಡೆ ಮುಚ್ಚಿದ ಅಂಗಡಿಯ ಫಲಕ. ಅಕ್ಷರ ಮೊದಲ ನೋಟಕ್ಕೆ ಕನ್ನಡದಂತೆ ಕಂಡಿತು, ಆದರೆ ತಲೆಕಟ್ಟು ತೆಲುಗಿನದು. ಆಟೊದ ನಂಬರ್ ಪ್ಲೇಟಿನಲ್ಲಿ ಮೊದಲೆರಡು ಅಕ್ಷರ ಮಸುಕಾಗಿದ್ದರೂ ‘ಕೆಎ’ ಅಲ್ಲವೆಂಬುದು ಸ್ಪಷ್ಟವಿತ್ತು. ಆಮೇಲೆ ಮೊಬೈಲಿನಲ್ಲಿಯೇ ಗೂಗಲ್ ಲೆನ್ಸ್ (ಫೋಟೊ ಕೊಟ್ಟರೆ ಅದು ಬೇರೆಲ್ಲಿ ಬಂದಿದೆಯೆಂದು ಹುಡುಕಿಕೊಡುವ ಸೌಲಭ್ಯ) ತೆರೆದು ಅದೇ ಫೋಟೊವನ್ನು ಹುಡುಕಲು ಕೊಟ್ಟೆ. ವರ್ಷಗಳ ಹಿಂದಿನ ಸುದ್ದಿ ಪುಟಗಳಲ್ಲಿ, ಬೇರೊಂದು ರಾಜ್ಯದ ನೆರೆಯ ವರದಿಯ ಜೊತೆಗೆ ಅದು ಸಿಕ್ಕಿತು. ಎಲ್ಲ ಸೇರಿ ಮೂರು ನಿಮಿಷವಾಗಿರಬಹುದು.

ನಮ್ಮ ಕೈಗೆ ಬರುವ ಸುಳ್ಳುಗಳಲ್ಲಿ ಇಂಥವೇ ಬಹಳ: ಚಿತ್ರ ನಿಜ, ಅಡಿಬರಹ ಸುಳ್ಳು. ಆದ್ದರಿಂದ ‘ಈ ಚಿತ್ರ ನಿಜವೇ?’ ಎಂದು ಕೇಳಿ ನಿಲ್ಲಬೇಡಿ, ‘ಎಲ್ಲಿಯದು, ಯಾವಾಗಿನದು?’ ಎಂದು ಕೇಳಿ. ಬರಹವೊಂದು ಬಂದಾಗಲೂ ಇದೇ ಕ್ರಮ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇತಿಹಾಸದ ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಮತ್ತು ವೃತ್ತಿಪರ ಸತ್ಯಶೋಧಕರ ಮುಂದೆ ಅಪರಿಚಿತ ವೆಬ್‌ಸೈಟುಗಳನ್ನು ಇಟ್ಟು ನೋಡಿದರು. ಪ್ರಾಧ್ಯಾಪಕರಲ್ಲಿ ಹಲವರು ಆ ಪುಟವನ್ನೇ ಮೇಲಿಂದ ಕೆಳಗೆ ಓದುತ್ತ, ಅದರ ಅಂದಚಂದಕ್ಕೆ ಮೋಸಹೋದರು. ಸತ್ಯಶೋಧಕರು ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಇದರ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ಹುಡುಕಲು ಹೊರಗೆ ಹೋದರು, ಬೇಗ ಮತ್ತು ಸರಿಯಾಗಿ ತೀರ್ಮಾನಿಸಿದರು. ಹೆಣ್ಣು ಗಂಡು ನೋಡುವಾಗ ನಾವು ಮಾಡುವುದೂ ಅದನ್ನೇ ಅಲ್ಲವೇ? ಬಂದವರ ಮಾತನ್ನಷ್ಟೇ ಕೇಳಿ ಮುಗಿಸದೆ, ಅವರ ಬೀದಿಯಲ್ಲಿ ವಿಚಾರಿಸುತ್ತೇವೆ.

ಪ್ರಶ್ನೆ: ಇನ್ಫೊಸಿಸ್ ನಾರಾಯಣ ಮೂರ್ತಿಯವರೇ ಹೂಡಿಕೆ ಮಾಡಿ ಎಂದು ಹೇಳುವ ವಿಡಿಯೊ ನೋಡಿ ನಮ್ಮ ಪರಿಚಿತರು ಹಣ ಕಳೆದುಕೊಂಡರು. ಕಣ್ಣಾರೆ ಕಂಡದ್ದನ್ನೂ ನಂಬುವಂತಿಲ್ಲವಾದರೆ ಇನ್ನು ಯಾವುದನ್ನೂ ನಂಬದಿರುವುದೇ ಮೇಲಲ್ಲವೇ?
– ಜಯನಗರದ ಹಿರಿಯ ನಾಗರಿಕರು

ಉತ್ತರ: ನಿಮ್ಮ ಪರಿಚಿತರು ಇನ್ನೂ ದೂರು ಕೊಟ್ಟಿರದಿದ್ದರೆ ಇಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ, ತಡವಾದಷ್ಟೂ ಹಣ ಕೈಗೆ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ತಮ್ಮ ಹೆಸರಿನಲ್ಲಿ ಹರಿದಾಡುವ ಇಂಥ ವಿಡಿಯೊಗಳು ನಕಲಿ, ಯಾವ ಟ್ರೇಡಿಂಗ್ ಆ್ಯಪಿನೊಂದಿಗೂ ತಮಗೆ ಸಂಬಂಧವಿಲ್ಲ ಎಂದು ಮೂರ್ತಿಯವರು 2023ರ ಡಿಸೆಂಬರಿನಲ್ಲಿಯೇ ಸಾರ್ವಜನಿಕವಾಗಿ ಎಚ್ಚರಿಸಿದ್ದರು. ಅದರ ಹಿಂದಿನ ತಿಂಗಳು ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಕೂಡಿಸಿ ಹರಿಬಿಟ್ಟದ್ದು ದೇಶವಿಡೀ ಚರ್ಚೆಯಾಗಿತ್ತು. ಆಗ ತುಟಿ ಕುಣಿಯುವ ರೀತಿ, ರೆಪ್ಪೆ ಬಡಿಯುವುದು, ಬೆರಳುಗಳ ಲೆಕ್ಕ ನೋಡಿ ಎಂದು ಸಲಹೆ ಕೊಡುತ್ತಿದ್ದೆವು. ತಂತ್ರಜ್ಞಾನ ತಿಂಗಳಿಂದ ತಿಂಗಳಿಗೆ ಆ ದೋಷಗಳನ್ನು ತಿದ್ದಿಕೊಳ್ಳುತ್ತಿದೆ, ಆದ್ದರಿಂದ ನಾನು ಈಗ ಆ ಸಲಹೆಯನ್ನು ಕೊಡುವುದಿಲ್ಲ. ಮುಖವನ್ನು ಬಿಟ್ಟು ಮಾತನ್ನು ನೋಡಿ: ಇಷ್ಟು ದೊಡ್ಡ ಮನುಷ್ಯ ಇಂಥ ಮಾತು ಆಡಿದ್ದರೆ ಪತ್ರಿಕೆಗಳಲ್ಲಿ ಬರಬೇಡವೇ? ದುಡ್ಡು ಕೇಳುವ ಪರಿಚಿತ ಧ್ವನಿ ಕರೆ ಮಾಡಿದರೆ, ಆ ಕರೆಯನ್ನು ಇಟ್ಟು, ನಿಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೆ ನೀವೇ ತಿರುಗಿ ಕರೆ ಮಾಡಿ.

ಆದರೆ ನಿಮ್ಮ ಎರಡನೆಯ ವಾಕ್ಯವೇ ನನ್ನನ್ನು ಹೆಚ್ಚು ಕಾಡಿತು. ಯಾವುದನ್ನೂ ನಂಬದಿರುವುದು ಜಾಣತನದಂತೆ ಕಾಣುತ್ತದೆ. ಅಪಪ್ರಚಾರ ಮಾಡುವವರಿಗೆ ಬೇಕಾದದ್ದೂ ಅದೇ. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಇಬ್ಬರು ಸಂಶೋಧಕರು 2016ರಲ್ಲಿ ರಷ್ಯಾದ ಪ್ರಚಾರ ವಿಧಾನವನ್ನು ವಿವರಿಸುತ್ತ, ಅದನ್ನು ಬೆಂಕಿ ನಂದಿಸುವ ಕೊಳವೆಯಿಂದ ರಭಸವಾಗಿ ನುಗ್ಗುವ ನೀರಿಗೆ ಹೋಲಿಸಿದರು: ನಾಲ್ಕಾರು ದಿಕ್ಕಿನಿಂದ, ಬಿಡುವಿಲ್ಲದೆ, ಒಂದಕ್ಕೊಂದು ಹೊಂದದ ಸುಳ್ಳುಗಳು. ಅವು ಹೊಂದಬೇಕಾಗಿಯೂ ಇಲ್ಲ. ಕೇಳುವವನು ದಣಿದು ‘ಎಲ್ಲರೂ ಸುಳ್ಳು ಹೇಳುತ್ತಾರೆ ಬಿಡಿ’ ಎಂದರೆ ಕೆಲಸವಾಯಿತು. ಹಾಗೆಂದ ದಿನದಿಂದ, ನಿಜವಾಗಿಯೂ ಲಂಚ ತೆಗೆದುಕೊಳ್ಳುವಾಗ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದವನೂ ‘ಅದು ಡೀಪ್‌ಫೇಕ್, ಕಂಪ್ಯೂಟರ್ ಹೆಣೆದ ನಕಲಿ ವಿಡಿಯೊ’ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ದಯವಿಟ್ಟು ಅಲ್ಲಿಗೆ ಹೋಗಬೇಡಿ. ತಪ್ಪಾದಾಗ ತಿದ್ದುಪಡಿ ಪ್ರಕಟಿಸುವ ಒಂದೆರಡು ಪತ್ರಿಕೆಗಳನ್ನು ಆರಿಸಿಕೊಂಡು ಅವನ್ನು ನಿಯಮಿತವಾಗಿ ಓದಿ. ಹತ್ತು ಹಾಲಿನವರನ್ನು ಅನುಮಾನಿಸಿದರೂ ಮನೆಗೆ ಹಾಲು ಬರಲೇಬೇಕಲ್ಲ.

ಪ್ರಶ್ನೆ: ಸರ್ಕಾರ ಕಠಿಣ ಕಾನೂನು ತಂದು ಇದನ್ನೆಲ್ಲ ನಿಲ್ಲಿಸಬಾರದೇಕೆ?
– ವಿಜಯನಗರದ ವ್ಯಾಪಾರಿ

ಉತ್ತರ: ಕಾನೂನು ಇಲ್ಲವೆಂದಲ್ಲ, ಜನರಲ್ಲಿ ಭೀತಿ ಅಥವಾ ದ್ವೇಷ ಹುಟ್ಟಿಸುವ ಸುಳ್ಳು ಮಾಹಿತಿ ಮತ್ತು ವದಂತಿಯನ್ನು ಹರಡುವುದು ಭಾರತೀಯ ನ್ಯಾಯ ಸಂಹಿತೆಯ 353ನೆಯ ಸೆಕ್ಷನ್ ಪ್ರಕಾರ ಅಪರಾಧ. ಆದರೆ ವೇಗದ ವಿಷಯದಲ್ಲಿ ಕಾನೂನು ಸೋಲುತ್ತದೆ. 2012ರ ಆಗಸ್ಟ್ ನಿಮಗೆ ನೆನಪಿರಬಹುದು. ಅಸ್ಸಾಮಿನ ಕೊಕ್ರಝಾರ್ ಗಲಭೆಯ ನಂತರ, ಈಶಾನ್ಯ ರಾಜ್ಯದವರ ಮೇಲೆ ಬೆಂಗಳೂರಿನಲ್ಲಿ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್ಸುಗಳು ಹರಡಿದವು, ಬೇರೆಲ್ಲಿಯೋ ತೆಗೆದ ಚಿತ್ರಗಳು ಸಾಕ್ಷ್ಯವೆಂಬಂತೆ ಓಡಾಡಿದವು. ಯಾವ ಅಪಾಯವೂ ಇಲ್ಲವೆಂದು ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರೂ ಪೊಲೀಸರೂ ಹೇಳುತ್ತಿರುವಾಗಲೇ, ಸೆಕ್ಯುರಿಟಿ ಗಾರ್ಡುಗಳು, ಹೋಟೆಲ್ ಮತ್ತು ಬ್ಯೂಟಿ ಪಾರ್ಲರ್ ಕೆಲಸಗಾರರು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಬ್ಯಾಗು ಹಿಡಿದು ಸಿಟಿ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ಸಾಮೂಹಿಕ ಎಸ್ಸೆಮ್ಮೆಸ್ಸುಗಳನ್ನು ತಡೆದು 5ರ ಮಿತಿ ಹಾಕುವ ಹೊತ್ತಿಗೆ ರೈಲುಗಳು ಹೊರಟಿದ್ದವು. ಆರು ವರ್ಷಗಳ ನಂತರ, ಮಕ್ಕಳ ಕಳ್ಳರ ವದಂತಿಯಿಂದ ಕೊಲೆಗಳಾದ ಮೇಲೆ, ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಫಾರ್ವರ್ಡ್‌ಗಳಿಗೆ ಹಾಕಿದ ಮಿತಿಯೂ 5 ಚಾಟ್‌ಗಳೇ. ಎರಡೂ ಸಲ ಮಿತಿ ಬಂದದ್ದು ಅನಾಹುತದ ನಂತರ.

ಕಠಿಣ ಕಾನೂನಿಗೆ ಇನ್ನೊಂದು ಅಪಾಯವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಎಷ್ಟು ಅಸ್ಪಷ್ಟವಾಗಿತ್ತೆಂದರೆ ಯಾರ ಮಾತನ್ನೂ ಅದರಡಿ ತರಬಹುದಿತ್ತು. ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ರದ್ದು ಮಾಡಿತು. ಕೇಂದ್ರ ಸರ್ಕಾರದ ಕೆಲಸದ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂಬುದನ್ನು ಸರ್ಕಾರವೇ ನೇಮಿಸಿದ ಘಟಕ ನಿರ್ಧರಿಸುವ ನಿಯಮವನ್ನು ಬಾಂಬೆ ಹೈಕೋರ್ಟ್ 2024ರಲ್ಲಿ ತಳ್ಳಿಹಾಕಿತು. ಇದು ಸರಿಯಾದ ತೀರ್ಪೆಂದು ನಾನು ನಂಬುತ್ತೇನೆ. ಅಪಪ್ರಚಾರವನ್ನು ದುಡ್ಡು ಕೊಟ್ಟು ಮಾಡಿಸುವವರನ್ನು ಹಿಡಿಯಲಿ. ತನ್ನ ಬಗ್ಗೆ ಯಾವುದು ನಿಜವೆಂದು ತೀರ್ಮಾನಿಸುವ ಅಧಿಕಾರ, ಯಾವ ಪಕ್ಷದ್ದೇ ಆಗಲಿ, ಸರ್ಕಾರಕ್ಕೆ ಬೇಡ.

ಪ್ರಶ್ನೆ: ಕೊರೊನಾ ಕಾಲದಲ್ಲಿ ಈರುಳ್ಳಿ, ಕಲ್ಲುಪ್ಪಿನಿಂದ ಸೋಂಕು ವಾಸಿಯಾಗುತ್ತದೆ ಎಂಬ ಸಂದೇಶವನ್ನು ನಾನೇ ನಾಲ್ಕು ಗುಂಪುಗಳಿಗೆ ಕಳಿಸಿದ್ದೆ. ಈಚೆಗೂ ಅಂಥದೇ ಒಂದು, ಶುಗರ್ ಮಾತ್ರೆ ಬಿಡಿಸುವ ಕಷಾಯದ್ದು, ಕಳಿಸಿಬಿಟ್ಟೆ. ಸುಳ್ಳೆಂದು ಮಗಳು ತೋರಿಸಿಕೊಟ್ಟಳು. ಅಳಿಸಿಹಾಕಿದರೆ ಸಾಕೇ? ಒಪ್ಪಿಕೊಂಡು ಬರೆಯಲು ನಾಚಿಕೆಯಾಗುತ್ತದೆ.
– ಬಸವನಗುಡಿಯ ಓದುಗರು

ಉತ್ತರ: ಅಳಿಸಿದರೆ ಸಾಲದು. ಓದಿದವರು ಓದಿಯಾಗಿದೆ, ಗುಂಪಿನಲ್ಲಿ ಸಕ್ಕರೆ ಕಾಯಿಲೆಯವರೊಬ್ಬರು ನಿಮ್ಮ ಮೇಲಿನ ಗೌರವದಿಂದಲೇ ಮಾತ್ರೆ ನಿಲ್ಲಿಸಿರಬಹುದು. ತಿದ್ದುಪಡಿ ಹಾಕಿದರೆ ಜನ ಹಟಕ್ಕೆ ಬಿದ್ದು ಸುಳ್ಳನ್ನೇ ಇನ್ನಷ್ಟು ನಂಬುತ್ತಾರೆಂಬ ಭಯ ಕೆಲವು ವರ್ಷಗಳ ಹಿಂದೆ ಸಂಶೋಧಕರಲ್ಲಿಯೂ ಇತ್ತು. ನಂತರದ ಅಧ್ಯಯನಗಳಲ್ಲಿ ಹಾಗಾಗುವುದು ಅಪರೂಪವೆಂದು ಕಂಡುಬಂದಿದೆ, ಆದ್ದರಿಂದ ಧೈರ್ಯವಾಗಿ ಹಾಕಿ. ಕಳಿಸಿದ ಅದೇ ಗುಂಪುಗಳಿಗೆ, ಎಲ್ಲರೂ ಫೋನ್ ನೋಡುವ ಬೆಳಗಿನ ಹೊತ್ತಿನಲ್ಲಿ ಹಾಕಿ. ಹಳೆಯ ಸಂದೇಶವನ್ನು ಪೂರ್ತಿಯಾಗಿ ಮತ್ತೆ ಅಂಟಿಸಬೇಡಿ. ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬಿದ್ದಷ್ಟೂ ನಿಜವೆನಿಸತೊಡಗುತ್ತದೆ ಎಂಬುದು 1977ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡ ಸಂಗತಿ. ನಿಜದಿಂದ ಪ್ರಾರಂಭಿಸಿ, ಸುಳ್ಳನ್ನು ಒಂದು ಸಲ ಮಾತ್ರ ಹೆಸರಿಸಿ, ಮತ್ತೆ ನಿಜಕ್ಕೆ ಬನ್ನಿ. ಬೇಕಾದರೆ ಹೀಗೆ ಬರೆಯಬಹುದು:

‘ಎಲ್ಲರಿಗೂ ನಮಸ್ಕಾರ. ಶುಗರ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಯಾರೂ ನಿಲ್ಲಿಸಬೇಡಿ. ಮೊನ್ನೆ ನಾನು ಕಳಿಸಿದ ಕಷಾಯದ ಮೆಸೇಜ್ ಸುಳ್ಳೆಂದು ಗೊತ್ತಾಯಿತು. ನೋಡದೆ ಕಳಿಸಿದ್ದು ನನ್ನ ತಪ್ಪು. ಯಾರಾದರೂ ಅದನ್ನು ಓದಿ ಮಾತ್ರೆ ಬಿಟ್ಟಿದ್ದರೆ ಇವತ್ತೇ ಡಾಕ್ಟರ ಹತ್ತಿರ ಮಾತಾಡಿ. ನೀವು ಅದನ್ನು ಬೇರೆಯವರಿಗೆ ಕಳಿಸಿದ್ದರೆ ಅವರಿಗೆ ಇದನ್ನೂ ಕಳಿಸಿ.’